ಕರಸ್ಥಲವನ್ನು ಕಾಯುವುದೂ ಕಾಯಕವೇ



ವಚನಗಳನ್ನು ಓದುವವರಿಗೆ ‘ಕರಸ್ಥಲ’ ಎಂಬ ಮಾತು ಅಪರಿಚಿತವಲ್ಲ. ಗುಡಿಯ ಗರ್ಭಗೃಹದಲ್ಲಿದ್ದ ದೇವರನ್ನು ಮನುಷ್ಯನ ಅಂಗೈಗೆ ತಂದವರು ಹನ್ನೆರಡನೆಯ ಶತಮಾನದ ಶರಣರು. ಎಡದ ಅಂಗೈ ಪೀಠವಾಯಿತು. ಬಲಗೈಯ ಬೆರಳುಗಳು ವಿಭೂತಿ ಧರಿಸಿ, ಪತ್ರೆ ಏರಿಸಿ ಪೂಜೆಗೈದವು. ನಡುವೆ ಪೂಜಾರಿ ಬೇಕಿಲ್ಲ, ಮೇಲೆ ಗೋಪುರ ಬೇಕಿಲ್ಲ, ಎರಡು ಕೈಗಳಿದ್ದರೆ ಸಾಕು ಎಂಬುದು ಆ ಧರ್ಮದ ಸರಳ ಘೋಷಣೆ. ಅದೇ ಎರಡು ಕೈಗಳು ಪೂಜೆ ಮುಗಿದ ಮೇಲೆ ಹಗಲೆಲ್ಲ ಕಾಯಕದಲ್ಲಿ ತೊಡಗುತ್ತವೆ. ಹೀಗೆ ಪೂಜೆಗೂ ದುಡಿಮೆಗೂ ಒಂದೇ ಸಾಧನವನ್ನು ನೇಮಿಸಿದ ಧರ್ಮದಲ್ಲಿ, ದುಡಿಯುವ ಸ್ಥಳದಲ್ಲಿಯೇ ಒಂದು ಕೈ ಹೋಗಿಬಿಟ್ಟರೆ ಅದನ್ನು ನಾವು ಏನೆಂದು ಕರೆಯಬೇಕು? ಆಕಸ್ಮಿಕವೆಂದೇ? ಹಣೆಬರಹವೆಂದೇ? ಈ ಪ್ರಶ್ನೆಯನ್ನು ಗಿರಣಿ ನಡೆಸುವವರ ಮುಂದೆಯೂ, ಅವರ ಕಾಣಿಕೆ ಸ್ವೀಕರಿಸುವ ನಮ್ಮಂಥವರ ಮುಂದೆಯೂ ಇಡುವುದು ಈ ಬರಹದ ಉದ್ದೇಶ.

ಪ್ರಶ್ನೆ ನನ್ನದಾದ ಬಗೆಯನ್ನು ಮೊದಲು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಚಳ್ಳಕೆರೆ ಸೀಮೆಯ ಒಂದು ಜಾತ್ರೆಯ ದಾಸೋಹದಲ್ಲಿ ಬಡಿಸುವ ಸೇವೆ ನನ್ನ ಪಾಲಿಗೆ ಬಂದಿತ್ತು. ಪಂಕ್ತಿಯಲ್ಲಿ ಕುಳಿತಿದ್ದ ಸುಮಾರು ಐವತ್ತರ ಪ್ರಾಯದವರೊಬ್ಬರು ಪ್ರಸಾದಕ್ಕೆ ಎಡಗೈ ಒಡ್ಡಿದರು. ಬಲಗೈ ಟವೆಲ್ಲಿನೊಳಗೆ ಅಡಗಿತ್ತು. “ಯಜಮಾನ್ರೇ, ಪ್ರಸಾದಕ್ಕೆ ಬಲಗೈ ಒಡ್ಡಿ” ಎಂದೆ; ನನ್ನ ದನಿಯಲ್ಲಿ ತುಸು ಗದರಿಕೆಯೂ ಇತ್ತು. ಅವರು ಸಿಟ್ಟಾಗಲಿಲ್ಲ. ಟವೆಲ್ ಸರಿಸಿ ತೋರಿಸಿದರು. ಹೆಬ್ಬೆರಳೊಂದನ್ನು ಬಿಟ್ಟು ಉಳಿದ ಬೆರಳುಗಳಿರಲಿಲ್ಲ. “ಮಿಲ್ನಾಗೆ ಹೋತು ಸ್ವಾಮಿ, ಬೆಲ್ಟಿಗೆ ಸಿಕ್ಕಿ. ಇದ್ರಾಗೇ ಹಾಕ್ರಿ” ಎಂದು ಎಡಗೈಯನ್ನೇ ಮತ್ತೆ ಚಾಚಿದರು. ಅವರ ಕೊರಳಲ್ಲಿ ಶಿವದಾರವಿತ್ತು. ಮುಂಜಾನೆ ಲಿಂಗಕ್ಕೆ ಪತ್ರೆ ಏರಿಸುವುದು ಹೇಗೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಅವರು ದುಡಿಯುತ್ತಿದ್ದ ಎಣ್ಣೆ ಗಿರಣಿಯ ಮಾಲೀಕರು ಆ ದಿನದ ದಾಸೋಹದ ಸೇವಾಕರ್ತರಲ್ಲಿ ಒಬ್ಬರೆಂದು ಅನಂತರ ತಿಳಿಯಿತು. ಅವರನ್ನು ಕೆಟ್ಟವರೆನ್ನಲಾರೆ. ಆಸ್ಪತ್ರೆಯ ಖರ್ಚು ಕೊಟ್ಟಿದ್ದರು, ಕೆಲವು ತಿಂಗಳು ಕೂಲಿಯನ್ನೂ ಕೊಟ್ಟಿದ್ದರು. ಆದರೆ ಮುಂದಿನ ಸುಗ್ಗಿಯಲ್ಲಿ ಅದೇ ಬೆಲ್ಟು ಅದೇ ರೀತಿ ತೆರೆದುಕೊಂಡೇ ಓಡುತ್ತಿತ್ತು. ಅಂದು ನಾನು ಬಡಿಸಿದ ಅನ್ನದ ಮೇಲೆ ಸುರಿದ ಎಣ್ಣೆ ಆ ಬೆಲ್ಟಿನ ಅಡಿಯಿಂದಲೇ ಬಂದಿರಬಹುದು. ಮಾಲೀಕರ ದೋಷದಲ್ಲಿ ನಮ್ಮ ಪಾಲೂ ಇದೆಯೆಂದು ನನಗೆ ಅಂದಿನಿಂದ ಅನಿಸುತ್ತಿದೆ.

ಚಳ್ಳಕೆರೆಗೆ ‘ಎಣ್ಣೆ ನಗರ’ವೆಂಬ ಹೆಸರು ಬಂದದ್ದು ಸುಮ್ಮನೆ ಅಲ್ಲ. ಮಳೆ ಕಡಿಮೆಯಾದ ಈ ಕೆಂಪು ನೆಲದಲ್ಲಿ ಕೈಹಿಡಿದ ಬೆಳೆ ಶೇಂಗಾ. ಆ ಶೇಂಗಾ ಇಲ್ಲಿನ ಗಿರಣಿಗಳನ್ನು ಬೆಳೆಸಿತು. ವ್ಯಾಪಾರದ ಭರಾಟೆ ಕಂಡು ಜನ ಇದನ್ನು ಎರಡನೆಯ ಮುಂಬಯಿ ಎಂದೂ ಕರೆದರು. 1994ರಲ್ಲಿ ತಾಳೆ ಎಣ್ಣೆಯ ಆಮದು ಮುಕ್ತವಾದ ಮೇಲೆ, ಮೇಲಿಂದ ಮೇಲೆ ಬಂದ ಬರಗಳೂ ಸೇರಿ, ಅನೇಕ ಗಿರಣಿಗಳ ಬಾಗಿಲು ಮುಚ್ಚಿದವು. ಸಣ್ಣ ಉದ್ಯಮಗಳಿಗೆಂದೇ ಮೀಸಲಾಗಿದ್ದ ಶೇಂಗಾ ಎಣ್ಣೆಯ ತಯಾರಿಕೆ 2015ರ ಏಪ್ರಿಲ್‌ನಲ್ಲಿ ಆ ಮೀಸಲನ್ನೂ ಕಳೆದುಕೊಂಡಿತು. ಈಚಿನ ವರ್ಷಗಳಲ್ಲಿ ಗಾಣದ ಎಣ್ಣೆಗೆ ಮತ್ತೆ ಬೇಡಿಕೆ ಹುಟ್ಟಿದೆ. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಕೇಂದ್ರ ಯೋಜನೆಯಲ್ಲಿ ಚಿತ್ರದುರ್ಗ ಜಿಲ್ಲೆಗೆ ಗುರುತಿಸಿದ ಉತ್ಪನ್ನವೂ ಶೇಂಗಾವೇ. ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯ ಸಹಾಯಧನವನ್ನು ಅದು ಸಾಲದೊಡನೆ ಜೋಡಿಸಿತು. ಓದಿದ ಯುವಕರು ಐದಾರು ಜನರನ್ನಿಟ್ಟುಕೊಂಡು ಮೋಟಾರಿನ ಗಾಣ ಹೂಡುವುದನ್ನು ಕಂಡಾಗ ಶರಣರ ಸಾಲಿನಲ್ಲಿ ನಿಂತ ಗಾಣದ ಕಣ್ಣಪ್ಪನವರ ನೆನಪಾಗುತ್ತದೆ. ಗಾಣವೂ ಕೈಲಾಸಕ್ಕೆ ದಾರಿಯೆಂದು ಒಪ್ಪಿದ ಪರಂಪರೆ ನಮ್ಮದು. ಆದುದರಿಂದ ಗಾಣ ಹೇಗಿರಬೇಕೆಂದು ಕೇಳುವ ಅಧಿಕಾರವೂ ಆ ಪರಂಪರೆಗೆ ಇದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಕಾಯಕದಲ್ಲಿ ತೊಡಗಿದಾಗ ಗುರುವಿನ ದರ್ಶನ, ಲಿಂಗದ ಪೂಜೆ, ಮನೆಯ ಮುಂದೆ ಬಂದ ಜಂಗಮ, ಇವೆಲ್ಲವನ್ನೂ ಮರೆಯಬೇಕೆಂಬ ಆಯ್ದಕ್ಕಿ ಮಾರಯ್ಯನವರ ಆಶಯವನ್ನು ಹಿಡಿದು ಕೆಲವರು ವಾದಿಸುತ್ತಾರೆ: ‘ಲಿಂಗವನ್ನೇ ಮರೆಯುವ ಕಾಯಕದಲ್ಲಿ ಮೈಕೈಯ ಚಿಂತೆ ಏಕೆ? ಮೈಮರೆತು ದುಡಿಯುವುದೇ ಭಕ್ತಿ’. ನುಲಿಯ ಚಂದಯ್ಯನವರ ಕಥೆಯನ್ನೂ ಇದಕ್ಕೆ ಒದಗಿಸುವುದುಂಟು. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಕಳಚಿ ನೀರಿಗೆ ಬಿದ್ದರೂ ಚಂದಯ್ಯ ಕಾಯಕ ನಿಲ್ಲಿಸಲಿಲ್ಲ. ಲಿಂಗವೇ ಬೆನ್ನಟ್ಟಿ ಬರಬೇಕಾಯಿತು ಎನ್ನುತ್ತದೆ ಆ ಕಥೆ.

ಕಥೆ ದೊಡ್ಡದು, ವಾದ ಮಾತ್ರ ಚಿಕ್ಕದು. ಚಂದಯ್ಯ ಪಣಕ್ಕಿಟ್ಟದ್ದು ತನ್ನ ಪೂಜೆಯನ್ನು, ತನ್ನ ಲಿಂಗವನ್ನು. ಇನ್ನೊಬ್ಬರ ಕೈಯನ್ನು ಪಣಕ್ಕಿಡುವ ಹಕ್ಕನ್ನು ಆ ಕಥೆ ಯಾರಿಗೂ ಕೊಡುವುದಿಲ್ಲ. ಮಾರಯ್ಯನವರ ಮರೆವೂ ದುಡಿಯುವವನ ಏಕಾಗ್ರತೆಯೇ ಹೊರತು ದುಡಿಸುವವನ ಅಲಕ್ಷ್ಯವಲ್ಲ. ಕೂಲಿಯಾಳು ಮೈಮರೆತು ದುಡಿಯಬೇಕಾದರೆ ಮಾಲೀಕ ಮೈಯೆಲ್ಲ ಕಣ್ಣಾಗಿ ಮೊದಲೇ ಬೇಲಿ ಕಟ್ಟಿರಬೇಕು. ಹಿಡಿದ ಕೆಲಸದಲ್ಲಿ ಮನಸ್ಸು ಲೀನವಾದರೂ ಕೈ ಉಳಿಯುವಂತಹ ಸ್ಥಳವನ್ನು ಸಜ್ಜುಗೊಳಿಸುವುದು ಗಿರಣಿ ಕಟ್ಟುವವನ ಕಾಯಕದ ಮೊದಲ ಭಾಗ. ಎಣ್ಣೆ ತೆಗೆಯುವುದು ಎರಡನೆಯದು.

ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನು ಈ ಬೆಳಕಿನಲ್ಲಿ ಓದಬೇಕು. ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನಿಗೆ ಆ ತಾಯಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ದಾಸೋಹಕ್ಕೆ ಹೆಚ್ಚು ಅಕ್ಕಿ ಬಂದರೆ ಒಳ್ಳೆಯದಲ್ಲವೇ ಎಂದು ಲೋಕ ಕೇಳೀತು. ಲಕ್ಕಮ್ಮನವರ ದೃಷ್ಟಿಯಲ್ಲಿ ದಾಸೋಹದ ಪಾವಿತ್ರ್ಯ ಅಕ್ಕಿಯ ಪ್ರಮಾಣದಲ್ಲಿಲ್ಲ, ಅದು ಬಂದ ದಾರಿಯಲ್ಲಿದೆ. ಜಾಲರಿಗೆ ಖರ್ಚು ಮಾಡದೆ ಉಳಿಸಿದ ಹಣ ದಾಸೋಹದ ಅಕ್ಕಿಯಾಗಿ ಬಂದರೆ ಅದು ಕೂಡ ಆ ಹೆಚ್ಚುವರಿ ಅಕ್ಕಿಯೇ. ಅದನ್ನು ತಂದಲ್ಲಿಗೆ, ಅಂದರೆ ಯಂತ್ರದ ಬಳಿಗೆ, ಮೊದಲು ಹಿಂದಿರುಗಿಸಬೇಕು.

ಯಂತ್ರದ ಸ್ವಭಾವವನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ಮೋಟಾರು ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 24 ಸುತ್ತು. ಅದರ ತುದಿಯ ಪುಲ್ಲಿ ಕೇವಲ ನಾಲ್ಕು ಅಂಗುಲ ಅಗಲವಿದ್ದರೂ ಬೆಲ್ಟು ಸೆಕೆಂಡಿಗೆ ಏಳೂವರೆ ಮೀಟರಿಗೂ ಹೆಚ್ಚು ಓಡುತ್ತದೆ. ಏನೋ ಸಿಕ್ಕಿಕೊಂಡಿತೆಂದು ಅರಿತು ಮನುಷ್ಯ ಕೈ ಹಿಂದೆಳೆಯಲು ತೀರ ಚುರುಕಾಗಿದ್ದರೂ ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ ಬೆಲ್ಟು ಎರಡು ಮೀಟರಿನಷ್ಟು ಮುಂದೆ ಸರಿದಿರುತ್ತದೆ. ಒಂದು ತೋಳಿನ ಉದ್ದಕ್ಕಿಂತ ಇದು ಎಷ್ಟೋ ಹೆಚ್ಚು. ‘ಎಚ್ಚರಿಕೆಯಿಂದ ಕೆಲಸ ಮಾಡು’ ಎಂಬ ಉಪದೇಶ ಇಲ್ಲಿ ಏಕೆ ನಿಷ್ಫಲವೆಂಬುದು ಇದರಿಂದಲೇ ಸ್ಪಷ್ಟ. ಆ ವೇಗದ ಮುಂದೆ ಎಚ್ಚರ ಸಾಲದು. ಕೈಗೂ ಬೆಲ್ಟಿಗೂ ನಡುವೆ ಕಬ್ಬಿಣ ಇರಬೇಕು.

ಆ ಕಬ್ಬಿಣದ ಜಾಲರಿಗೆ ಬೇಕಾದುದು ಒಬ್ಬ ವೆಲ್ಡರನ ಒಂದು ದಿನದ ಕೆಲಸ. ಜಾಲರಿಯ ಕಣ್ಣಿನಲ್ಲಿ ಬೆರಳು ತೂರಿ ಬೆಲ್ಟನ್ನು ಮುಟ್ಟುವಂತಿರಬಾರದು. ಇನ್ನೊಂದು ಸೂಕ್ಷ್ಮವೂ ಇದೆ. ಬೆಲ್ಟು ಬಿಗಿ ಮಾಡಲು ಪ್ರತಿ ಸಲವೂ ಹತ್ತು ಬೋಲ್ಟು ಬಿಚ್ಚಬೇಕಾದರೆ ಮೂರನೆಯ ಸಲ ಬಿಚ್ಚಿದ ಜಾಲರಿ ಮೂಲೆ ಸೇರುತ್ತದೆ, ಮತ್ತೆ ಮೇಲೇರುವುದಿಲ್ಲ. ಅದಕ್ಕೇ ಒಂದು ಬದಿಗೆ ಕೀಲು, ಇನ್ನೊಂದು ಬದಿಗೆ ಒಂದೇ ಬೋಲ್ಟು ಇಟ್ಟು ಬಾಗಿಲಿನಂತೆ ಮಾಡಿಸಬೇಕು. ಕೆಲಸಗಾರನಿಗೆ ತೊಡಕಾದ ಬೇಲಿ ಉಳಿಯುವುದಿಲ್ಲ.

ನಮ್ಮ ಸೀಮೆಗೇ ವಿಶೇಷವಾದ ಅಪಾಯವೊಂದು ಕರೆಂಟಿನದು. ಕಾಳು ಸಿಕ್ಕಿಕೊಂಡು ಗಾಣ ಬಿಗಿಯುತ್ತದೆ. ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಯಂತ್ರ ನಿಂತಿದೆಯೆಂದು ಆಳು ಒಳಗೆ ಕೈಹಾಕುತ್ತಾನೆ. ಹೇಳದೆ ಹೋದ ಕರೆಂಟು ಹೇಳದೆ ಬರುತ್ತದೆ. ಕರೆಂಟು ಹೋದಾಗ ತಾನೇ ಕಳಚಿಕೊಂಡು, ಗುಂಡಿ ಒತ್ತಿದ ಹೊರತು ಮತ್ತೆ ಕೂಡಿಕೊಳ್ಳದ ಸ್ಟಾರ್ಟರು ಇದ್ದರೆ ಯಂತ್ರ ಮೌನವಾಗಿಯೇ ಇರುತ್ತದೆ. ಹಳೆಯ ಹಿಡಿಕೆಯ ಸ್ವಿಚ್ಚು ಮಾತ್ರ ಇದ್ದರೆ ಅದು ಒಡನೆ ತಿರುಗುತ್ತದೆ. ಇದಕ್ಕಿಂತ ಘೋರವಾದುದು, ಕೊಳವೆಬಾವಿಯ ಪಂಪ್‌ಸೆಟ್ಟಿಗೆ ಅಳವಡಿಸುವ ಆಟೋ ಸ್ಟಾರ್ಟರನ್ನು ಗಿರಣಿಗೂ ತಂದು ಕೂರಿಸುವುದು. ನಡುರಾತ್ರಿ ಕರೆಂಟು ಬಂದಾಗ ತಾನಾಗಿ ನೀರೆತ್ತುವ ಆ ಉಪಕಾರಿ, ಗಿರಣಿಯಲ್ಲಿ ಕೈ ತೆಗೆಯುವ ಯಮನಾಗುತ್ತದೆ. ಯಂತ್ರದೊಳಗೆ ಕೈ ಹಾಕುವವನು ಮೇನ್ ಆರಿಸಿ, ಬೀಗ ಹಾಕಿ, ಕೀಲಿಯನ್ನು ತನ್ನ ಜೇಬಿನಲ್ಲಿಯೇ ಇಟ್ಟುಕೊಳ್ಳಬೇಕು. ಬೀಗಕ್ಕೆ ಎಡೆಯಿಲ್ಲದಿದ್ದರೆ ಫ್ಯೂಸನ್ನಾದರೂ ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಕೀಲಿ ಮಾಲೀಕನ ಮೇಜಿನಲ್ಲಿರುವುದು ತರವಲ್ಲ. ಯಾರ ಕೈ ಒಳಗಿದೆಯೋ ಕೀಲಿ ಅವರದು.

ಉಡುಪಿನ ವಿಷಯ ಹೇಳುವಾಗ ನಮ್ಮ ಸಂಪ್ರದಾಯವನ್ನೂ ಮುಟ್ಟಬೇಕಾಗುತ್ತದೆ. ಹೆಗಲ ಮೇಲಿನ ಟವೆಲ್ಲು, ಪಂಚೆಯ ಅಂಚು, ಕಾಳು ಆರಿಸುವ ತಾಯಂದಿರ ಸೆರಗು, ಜಡೆ, ಇವೆಲ್ಲವೂ ತಿರುಗುವ ದಂಡಕ್ಕೆ ಸಿಕ್ಕುವ ವಸ್ತುಗಳು. ಕೊರಳಿನ ಶಿವದಾರವೂ ಹಾಗೆಯೇ. ಬಾಗಿ ಕೆಲಸ ಮಾಡುವಾಗ ಅಂಗಿಯಿಂದ ಹೊರಗೆ ತೂಗುವ ಕರಡಿಗೆ ಯಂತ್ರಕ್ಕೆ ಸಿಕ್ಕರೆ ಬಿಗಿದುಕೊಳ್ಳುವುದು ಕೊರಳು. ಲಿಂಗವನ್ನು ಅಂಗದಿಂದ ಅಗಲಿಸಬೇಕೆಂದು ನಾನು ಹೇಳುತ್ತಿಲ್ಲ. ಅಂಗಿಯೊಳಗೆ, ಎದೆಗೆ ಒತ್ತಿ, ಒಳಜೇಬಿನಲ್ಲಿ ಭದ್ರವಾಗಿ ಇಟ್ಟುಕೊಳ್ಳಿರಿ ಎನ್ನುತ್ತೇನೆ. ಲಿಂಗವನ್ನು ಜೋಪಾನ ಮಾಡುವುದೂ ಅಂಗವನ್ನು ಜೋಪಾನ ಮಾಡುವುದೂ ಇಲ್ಲಿ ಒಂದೇ ಕ್ರಿಯೆ.

ಸುರಕ್ಷತೆಗೆ ಗಮನ ಕೊಟ್ಟರೆ ಉತ್ಪನ್ನ ಕುಗ್ಗುತ್ತದೆಂಬ ಭಯ ಅನೇಕರಲ್ಲಿದೆ. ಅನುಭವವಿದ್ದ ಗಿರಣಿಯವರು ಇದನ್ನು ಒಪ್ಪುವುದಿಲ್ಲ. ನೂರು ಕಿಲೋ ಕಾಯಿಯಲ್ಲಿ ಸುಮಾರು ಎಪ್ಪತ್ತು ಕಿಲೋ ಕಾಳು, ಕಾಳಿನಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಎಣ್ಣೆ. ಅದರಲ್ಲಿ ಎಷ್ಟು ಡಬ್ಬಕ್ಕೆ ಬರುತ್ತದೆ, ಎಷ್ಟು ಹಿಂಡಿಯಲ್ಲಿ ಉಳಿಯುತ್ತದೆ ಎಂಬುದು ಸಿದ್ಧತೆಯನ್ನು ಅವಲಂಬಿಸಿದೆ. ಕಾಳಿನೊಡನೆ ಬಂದ ಕಲ್ಲು, ಮೊಳೆಗಳನ್ನು ಜರಡಿಯಿಂದಲೂ ಅಯಸ್ಕಾಂತದಿಂದಲೂ ಮೊದಲೇ ತೆಗೆದರೆ ಎಕ್ಸ್‌ಪೆಲ್ಲರಿನ ಸುರುಳಿ ಸವೆಯುವುದಿಲ್ಲ, ಯಂತ್ರ ಬಿಗಿಯುವುದಿಲ್ಲ, ಬಿಗಿದ ಯಂತ್ರಕ್ಕೆ ಕೈ ಹಾಕುವ ಸಂದರ್ಭವೇ ಬರುವುದಿಲ್ಲ. ಇಲ್ಲಿ ಲಾಭವೂ ಕೈಯೂ ಒಟ್ಟಿಗೆ ಉಳಿದವು. ಕಾಯಿ ಒಂದು ಬಾಗಿಲಲ್ಲಿ ಬಂದು, ಸಿಪ್ಪೆ ಬಿಡಿಸಿ, ಕಾಳಾಗಿ, ಎಣ್ಣೆಯಾಗಿ ಇನ್ನೊಂದು ಬಾಗಿಲಲ್ಲಿ ಹೊರಡುವಂತೆ ಯಂತ್ರಗಳನ್ನು ಸಾಲಾಗಿ ಕೂರಿಸಿದರೆ ಚೀಲ ಹೊತ್ತವರು ಬೆಲ್ಟಿನ ಪಕ್ಕದಲ್ಲಿ ನುಸುಳಬೇಕಾಗುವುದಿಲ್ಲ. ಹಮಾಲಿಯ ಹೆಜ್ಜೆಯೂ ಉಳಿಯುತ್ತದೆ. ನೆಲಕ್ಕೆ ಚೆಲ್ಲಿದ ಎಣ್ಣೆಯ ಮೇಲೆ ಹೊಟ್ಟು ಎರಚಿ ಸುಮ್ಮನಾಗುವುದಕ್ಕಿಂತ, ಸೋರುವ ಜೋಡಣೆಯನ್ನು ಬಿಗಿ ಮಾಡಿದರೆ ಜಾರಿ ಬೀಳುವವರೂ ಇಲ್ಲ, ಪೋಲಾಗುವ ಎಣ್ಣೆಯೂ ಇಲ್ಲ. ಎಣ್ಣೆ ಹೊತ್ತಿಕೊಂಡರೆ ನೀರು ಸುರಿಯಬಾರದು. ಮರಳಿನ ಬಕೆಟ್ಟೂ ಪುಡಿಯ ಆರಿಸುಕವೂ ಬಾಗಿಲ ಬಳಿ, ಕೈಗೆಟುಕುವಂತೆ ಇರಬೇಕು.

ಹಮಾಲರ ಬೆನ್ನಿನ ಬಗ್ಗೆಯೂ ಒಂದು ಮಾತು. ಒಬ್ಬ ಗಂಡಾಳು ಹೊರುವ ಹೊರೆ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ಶಿಫಾರಸು ಮಾಡಿದೆ. ಚೀಲ ತುಂಬುವ ಹಂತದಲ್ಲಿಯೇ ಇದನ್ನು ಪಾಲಿಸುವುದು ಮಾಲೀಕನ ಕೈಯಲ್ಲಿದೆ.

ಸುರಕ್ಷತೆ ಗಿರಣಿಯ ಗೋಡೆಯೊಳಗೆ ಮುಗಿಯುವುದಿಲ್ಲ, ಉಣ್ಣುವವನವರೆಗೂ ಹೋಗುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಅವುಗಳಿಗೆ ಹಾಕಿದ ಶೇಂಗಾ ಹಿಂಡಿಯಲ್ಲಿ ಬೂಷ್ಟು ಹುಟ್ಟಿಸಿದ ವಿಷವಿತ್ತೆಂದು ಪತ್ತೆಯಾಯಿತು. ಅಫ್ಲಾಟಾಕ್ಸಿನ್ ಎಂಬ ಹೆಸರು ಲೋಕಕ್ಕೆ ಪರಿಚಯವಾದದ್ದು ಹೀಗೆ. ಕಾಯಿಯ ತೇವ ಶೇ 8ರ ಆಸುಪಾಸಿಗೆ ಇಳಿಯುವವರೆಗೆ ಒಣಗಿಸಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಜೋಡಿಸಿದರೆ ಬೂಷ್ಟಿಗೆ ಎಡೆಯಿಲ್ಲ. ಕಿವಿಯ ಬಳಿ ಅಲುಗಿಸಿದಾಗ ಕಾಳು ಗಲಗಲ ಎನ್ನಬೇಕೆಂಬ ರೈತರ ಪರೀಕ್ಷೆ ಇಂದಿಗೂ ಉಪಯುಕ್ತವೇ. ಉಗ್ರಾಣದಲ್ಲಿ ಹುಳಕ್ಕೆಂದು ವಿಷದ ಮಾತ್ರೆ ಇಟ್ಟಾಗ ಬಾಗಿಲಿಗೆ ಬರಹದ ಎಚ್ಚರಿಕೆ ಇರಬೇಕು. ಗಾಳಿಯಾಡಿಸದೆ ಯಾರೂ ಒಳಗೆ ಕಾಲಿಡಬಾರದು, ಪಕ್ಕದಲ್ಲಿ ಯಾರೂ ಮಲಗಬಾರದು. ನೆಲದಡಿಯ ಎಣ್ಣೆಯ ತೊಟ್ಟಿ ತೊಳೆಯಲು ಒಬ್ಬನನ್ನೇ ಎಂದೂ ಇಳಿಸಬಾರದು. ಮೊದಲು ಗಾಳಿ ಹಾಯಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಹಗ್ಗದ ತುದಿ ಹಿಡಿದವನು ಮೇಲೆಯೇ ನಿಂತಿರಬೇಕು. ಒಳಗಿನವನು ಕುಸಿದರೆ ಮೇಲಿನವನು ಜಿಗಿಯಬಾರದು, ಎಳೆಯಬೇಕು. ಇಂತಹ ತೊಟ್ಟಿಗಳಲ್ಲಿ ಮೊದಲನೆಯವನನ್ನು ಉಳಿಸಲು ಧುಮುಕಿದ ಎರಡನೆಯವನೂ ಸಾಯುವುದು ಲೋಕದೆಲ್ಲೆಡೆ ಮರುಕಳಿಸುವ ದುರಂತ.

ನೆರೆಯ ಮೊಳಕಾಲ್ಮೂರಿಗೂ ಈ ಮಾತು ಅನ್ವಯಿಸುತ್ತದೆ, ಬೇರೊಂದು ರೀತಿಯಲ್ಲಿ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಅಲ್ಲಿನ ರೇಷ್ಮೆ ಸೀರೆ ನೇಕಾರರ ಮನೆಗಳಲ್ಲಿಯೇ ಹುಟ್ಟುತ್ತದೆ. ಗುಂಡಿ ಮಗ್ಗದಲ್ಲಿ ಕಾಲಿಳಿಸಿ ಕುಳಿತವನ ಕೈಯನ್ನು ಮಗ್ಗ ಒಮ್ಮೆಗೇ ಕಿತ್ತುಕೊಳ್ಳುವುದಿಲ್ಲ. ಅದು ಕಣ್ಣನ್ನೂ ಸೊಂಟವನ್ನೂ ಮೊಣಕಾಲನ್ನೂ ವರ್ಷಗಳ ಕಾಲ ನಿಧಾನವಾಗಿ ತೆಗೆದುಕೊಳ್ಳುತ್ತದೆ. ಅಪಘಾತವೆಂದು ಎಲ್ಲಿಯೂ ದಾಖಲಾಗದ ನಷ್ಟವಿದು. ನೂಲು ಕೊಟ್ಟು ಸೀರೆ ಕೊಳ್ಳುವವರು ಮಗ್ಗದ ಮೇಲೆ ನೆರಳು ಬೀಳದಂತಹ ಒಂದು ಒಳ್ಳೆಯ ದೀಪ, ಗುಂಡಿಯ ತೇವ ತಡೆಯುವ ಗಾರೆ, ಬೆನ್ನಿಗೆ ಒದಗುವ ಆಸನ, ಇಷ್ಟನ್ನಾದರೂ ನೂಲಿನ ಜೊತೆಗೆ ಕೊಡಬೇಕು. ಜೇಡರ ದಾಸಿಮಯ್ಯನವರ ಹೆಸರು ಹೇಳಿ ನೇಯ್ಗೆಯನ್ನು ಕೊಂಡಾಡುವ ನಾವು ನೇಕಾರನ ಕಣ್ಣನ್ನು ಮರೆತರೆ ಆ ಕೊಂಡಾಟ ಬರಿಯ ಬಾಯುಪಚಾರ. ಅದೇ ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನ ಪ್ರಾಣಿಗಳಲ್ಲಿ ದಯೆಯಿರಬೇಕೆಂದು ಸಾರಿ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಾದವು. ದಯೆಯ ಮಾತಿಗೆ ಈ ನೆಲದಲ್ಲಿ ಎಂದೂ ಕೊರತೆಯಿರಲಿಲ್ಲ. ಕೊರತೆ ಇರುವುದು ಜಾಲರಿಗೆ, ದೀಪಕ್ಕೆ.

ಇದನ್ನೆಲ್ಲ ನೋಡಿಕೊಳ್ಳಲು ಸರ್ಕಾರವಿಲ್ಲವೇ ಎಂದು ಕೇಳಬಹುದು. 1948ರ ಕಾರ್ಖಾನೆಗಳ ಕಾಯಿದೆಯ 21ನೆಯ ಕಲಂ ತಿರುಗುವ ಯಂತ್ರಭಾಗಗಳಿಗೆ ಭದ್ರವಾದ ಬೇಲಿ ಕಡ್ಡಾಯವೆಂದಿತು. 22ನೆಯ ಕಲಂ ಓಡುವ ಯಂತ್ರದ ಬಳಿ ಕೆಲಸ ಮಾಡುವವನಿಗೆ ಬಿಗಿಯುಡುಪನ್ನು ಮಾಲೀಕನೇ ಒದಗಿಸಬೇಕೆಂದಿತು. ವಿದ್ಯುತ್ ಬಳಸುವಲ್ಲಿ ಹತ್ತು ಜನರಿದ್ದರೆ ಅದು ಕಾರ್ಖಾನೆಯೆನಿಸುತ್ತಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ, 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಆ ಸಂಖ್ಯೆಯನ್ನು ಇಪ್ಪತ್ತಕ್ಕೆ ಏರಿಸಿದೆ. ಹತ್ತು ಜನರಿರುವ ಉದ್ಯಮಗಳ ಮಾಲೀಕರಿಗೆ ಸಾಮಾನ್ಯ ಕರ್ತವ್ಯಗಳೇನೋ ಇವೆ. ಆದರೆ ಆರೇಳು ಜನರ ಗಾಣ ಸಾಮಾನ್ಯವಾಗಿ ಅಂದೂ ಹೊರಗೆ, ಇಂದೂ ಹೊರಗೆ. ಅಲ್ಲಿಗೆ ಯಾವ ಅಧಿಕಾರಿಯೂ ಬರುವುದಿಲ್ಲ. ಅಲ್ಲಿ ಮಾಲೀಕನನ್ನು ಕೇಳುವವರು ಇಬ್ಬರೇ: ಅವನ ಅಂತಃಸಾಕ್ಷಿ, ಅವನು ತಲೆಬಾಗುವ ಮಠ. ಮೊದಲನೆಯದು ಮಲಗಿದ್ದಾಗ ಎರಡನೆಯದು ಎಚ್ಚರಿಸಬೇಕು.

ಇಟಲಿಯ ವೈದ್ಯ ರಾಮಾಝಿನಿ 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಒಂದು ಗ್ರಂಥ ಬರೆದ. ಎಣ್ಣೆ ತೆಗೆಯುವವರೂ ಅದರಲ್ಲಿದ್ದಾರೆ. ರೋಗಿಯನ್ನು ನೋಡುವ ವೈದ್ಯ ಉಳಿದ ಪ್ರಶ್ನೆಗಳ ಜೊತೆಗೆ ‘ನಿನ್ನ ಕಸುಬೇನು’ ಎಂದೂ ಕೇಳಬೇಕೆಂಬುದು ಅವನು ಕಲಿಸಿದ ಪಾಠ. ಅವನಿಗೆ ಐದು ಶತಮಾನಗಳ ಮೊದಲೇ ಕಲ್ಯಾಣದಲ್ಲಿ ಶರಣರು ತಮ್ಮ ಕಸುಬನ್ನು ಹೆಸರಿನ ಮುಂದೆಯೇ ಧರಿಸಿ ಓಡಾಡಿದರು. ಮಡಿವಾಳ, ಅಂಬಿಗ, ಹಡಪದ, ನುಲಿಯ, ಗಾಣದ ಎಂಬ ಮಾತುಗಳನ್ನು ಅಲ್ಲಿ ಯಾರೂ ಮುಚ್ಚಿಡಲಿಲ್ಲ. ಕಸುಬನ್ನು ಅಷ್ಟು ಗೌರವದಿಂದ ಕೇಳಿದ ಪರಂಪರೆಯ ಮಠಗಳು ಇಂದು ಭಕ್ತನನ್ನು ‘ಏನು ಕಾಯಕ’ ಎಂದು ಕೇಳಿ ಅಲ್ಲಿಗೇ ನಿಲ್ಲಬಾರದು. ‘ನಿನ್ನ ಗಿರಣಿಯ ಬೆಲ್ಟಿಗೆ ಜಾಲರಿ ಇದೆಯೇ’ ಎಂದೂ ಕೇಳಬೇಕು. ಕಾಣಿಕೆಯ ರಸೀದಿ ಬರೆಯುವ ಮೊದಲು ಕೇಳಬೇಕು.

ಇದಕ್ಕೆ ಹೊಸ ಹಬ್ಬ ಬೇಕಿಲ್ಲ. ಆಯುಧಪೂಜೆಯ ದಿನ ಪ್ರತಿ ಗಿರಣಿಯಲ್ಲಿಯೂ ಯಂತ್ರ ನಿಲ್ಲಿಸಿ, ತೊಳೆದು, ಹೂವೇರಿಸಿ, ಕುಂಬಳಕಾಯಿ ಒಡೆಯುತ್ತಾರೆ. ವರ್ಷದಲ್ಲಿ ಎಲ್ಲ ಯಂತ್ರಗಳೂ ಒಟ್ಟಿಗೆ ನಿಂತಿರುವ ಆ ದಿನವನ್ನು ಪರೀಕ್ಷೆಯ ದಿನವಾಗಿಸೋಣ. ಜಾಲರಿ ಇದೆಯೇ, ಸ್ಟಾರ್ಟರು ಸರಿಯಿದೆಯೇ, ಮೋಟಾರಿಗೆ ಭೂಸಂಪರ್ಕದ ತಂತಿ ಇದೆಯೇ, ಬಾಯ್ಲರು ಇದ್ದಲ್ಲಿ ಅದರ ಸುರಕ್ಷಾ ಕವಾಟ ತೆರೆಯುತ್ತದೆಯೇ, ನೀರಿನ ಮಟ್ಟ ತೋರುವ ಗಾಜು ಶುಭ್ರವಾಗಿದೆಯೇ ಎಂದು ಮಾಲೀಕನೂ ಆಳುಗಳೂ ಜೊತೆಯಾಗಿ ನೋಡಲಿ. ಕೊರತೆಗಳನ್ನು ಹೇಳುವ ಮೊದಲ ಮಾತು ಆಳಿನದಾಗಿರಲಿ, ಏಕೆಂದರೆ ಅಪಾಯ ಎಲ್ಲಿದೆಯೆಂದು ಅವನಿಗೇ ಗೊತ್ತು. ನಿಂಬೆಹಣ್ಣು ಕಟ್ಟಿದ ಯಂತ್ರ ಕೈ ಬಿಡುತ್ತದೆಂದು ನಂಬುವುದು ಶರಣಮಾರ್ಗವಲ್ಲ.

ಅದೇ ದಿನ ಇನ್ನೊಂದು ಕೆಲಸವೂ ಆಗಲಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಜೀವ ಹೋದರೆ ಕುಟುಂಬಕ್ಕೆ ಎರಡು ಲಕ್ಷ, ಒಂದು ಕೈ ಹೋದರೆ ಒಂದು ಲಕ್ಷ ರೂಪಾಯಿ ದೊರೆಯುತ್ತದೆ. 18ರಿಂದ 70 ವರ್ಷದೊಳಗಿನ, ಬ್ಯಾಂಕ್ ಖಾತೆಯಿರುವ ಪ್ರತಿ ಆಳಿನ ಹೆಸರನ್ನೂ ಅದಕ್ಕೆ ಸೇರಿಸಿ ಆ 20 ರೂಪಾಯಿಯನ್ನು ಮಾಲೀಕನೇ ಕಟ್ಟಲಿ. ಇದು ಜಾಲರಿಗೆ ಬದಲಿಯಲ್ಲ, ಮಾಲೀಕನ ಹೊಣೆಗೂ ಬದಲಿಯಲ್ಲ. ಜಾಲರಿಯ ಜೊತೆಗೆ ಇರಬೇಕಾದ ಕನಿಷ್ಠ ಸೌಜನ್ಯ.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸುವಾಗ ಮಣ್ಣು ಹೊತ್ತವರಿಗೆ ಅವರವರ ದುಡಿಮೆಗೆ ತಕ್ಕ ಕೂಲಿ ಸಿಕ್ಕಿತೆಂಬ ಕಥೆಯನ್ನು ಈ ಸೀಮೆಯ ಮಕ್ಕಳೂ ಬಲ್ಲರು. ಮಾಡಿದವನಿಗೆ ಮಾಡಿದಷ್ಟು ನೀಡು ಎಂಬ ಆ ಅವಧೂತರ ಮಾತು ಇಲ್ಲಿನ ಜನರ ನಾಲಿಗೆಯ ಮೇಲಿದೆ. ಜಾತ್ರೆಯಲ್ಲಿ ಮುಕ್ತಿ ಬಾವುಟವನ್ನು ಲಕ್ಷಾಂತರ ರೂಪಾಯಿಗೆ ಹರಾಜಿನಲ್ಲಿ ಕೂಗುವ ಉತ್ಸಾಹ ನಮ್ಮ ಸೀಮೆಯ ಸಿರಿವಂತರಲ್ಲಿದೆ. ಆ ಉತ್ಸಾಹಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಮಾಡಿದವನಿಗೆ ಮಾಡಿದಷ್ಟು ಕೊಡುವುದೆಂದರೆ ಸಂಜೆ ಕೂಲಿ ಎಣಿಸುವುದಷ್ಟೇ ಅಲ್ಲ. ಬೆಳಿಗ್ಗೆ ಅವನು ತಂದ ಎರಡು ಕೈಗಳನ್ನು ಸಂಜೆ ಎರಡಾಗಿಯೇ ಮನೆಗೆ ಕಳಿಸುವುದೂ ಅದರಲ್ಲಿ ಸೇರಿದೆ. ಆ ಕೈ ಲಿಂಗ ಹಿಡಿಯುವ ಕೈಯೇ ಆಗಿರಬೇಕೆಂದಿಲ್ಲ; ಅದು ಯಾವ ಜಾತಿಯ, ಯಾವ ಮತದ ಕೈಯಾದರೂ ದೇಹವನ್ನೇ ದೇಗುಲವೆಂದ ಬಸವಣ್ಣನವರ ಮಾತು ಅದಕ್ಕೂ ಸಲ್ಲುತ್ತದೆ.

ಆ ಹಿರಿಯರು ಅಂದು ಪ್ರಸಾದ ಮುಗಿಸಿ, ಎಲೆಯನ್ನು ಎಡಗೈಯಲ್ಲಿಯೇ ಎತ್ತಿಕೊಂಡು ಹೋದರು. ನಾನು ಕ್ಷಮೆ ಕೇಳಲಿಲ್ಲ. ಕೇಳಬೇಕೆಂದು ಹೊಳೆಯುವಷ್ಟರಲ್ಲಿ ಮುಂದಿನ ಪಂಕ್ತಿ ಕುಳಿತಿತ್ತು. ಈ ಬರಹ ಅವರ ಕಣ್ಣಿಗೆ ಬೀಳಲಾರದು. ಆದರೆ ಇದನ್ನು ಓದಿದ ಗಿರಣಿಯ ಮಾಲೀಕರು ಒಬ್ಬರಾದರೂ ನಾಳೆ ಬೆಳಿಗ್ಗೆ ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟುಕೊಂಡಾಗ ತಮ್ಮ ಅಂಗೈಯನ್ನೊಮ್ಮೆ ನೋಡಿ, ಪೂಜೆ ಮುಗಿದೊಡನೆ ವೆಲ್ಡರನನ್ನು ಕರೆಸಿದರೆ, ನಾನು ಅವರಲ್ಲಿ ಕೇಳಬೇಕಿದ್ದ ಕ್ಷಮೆ ತಡವಾಗಿಯಾದರೂ ಸಂದಂತಾಗುತ್ತದೆ.